ಭಾವನ ಕೈಗೆ ಸಿಕ್ಕ ಚೀಲ

ನಮ್ಮ ಭಾವನ ಎದುರು ಊಟಕ್ಕೆ ಕೂರುವ ಧೈರ್ಯ ನಿಮಗಿದೆಯೇ? ಇದ್ದರೆ ತಟ್ಟೆಯನ್ನು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳಿ! ಕುರ್ಲಾ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನಲ್ಲಿ ಮೂವತ್ತು ವರ್ಷ ಮ್ಯಾನೇಜರ್ ಆಗಿದ್ದವರು. ಗಿರಾಕಿ ನೀರಿನ ಲೋಟಕ್ಕೆ ಕೈಚಾಚಿದರೆ ಸಾಕು, ಊಟ ಮುಗಿಯಿತೆಂದೇ ಅರ್ಥ. ನಾನು ಮುಂಬಯಿಗೆ ಬಂದ ಮೊದಲ ದಿನವೇ ಅರ್ಧ ದೋಸೆ ಇದ್ದ ನನ್ನ ತಟ್ಟೆಯನ್ನು ಎತ್ತಿಕೊಂಡು ಹೋದರು. ಆ ಅರ್ಧ ದೋಸೆಯನ್ನು ನಾನಿನ್ನೂ ಕ್ಷಮಿಸಿಲ್ಲ.

ಮನೆಯಲ್ಲೂ ಅದೇ ಕಥೆ. ಎಲ್ಲರಿಗೂ ಬಡಿಸಿ ಅಕ್ಕ ಕೂತು ನಾಲ್ಕು ತುತ್ತು ತಿನ್ನುವಷ್ಟರಲ್ಲಿ ಎದುರಿಗೆ ತಟ್ಟೆಯೇ ಇಲ್ಲ! ಕೊನೆಗೆ ಅವಳು ಅಡುಗೆಮನೆಯಲ್ಲಿ ನಿಂತೇ ಉಣ್ಣುವುದನ್ನು ಅಭ್ಯಾಸ ಮಾಡಿಕೊಂಡಳು. "ಒಂದು ಮಾತು ಹೇಳಬಾರದಾ?" ಎಂದರೆ, "ಹೇಳಿ ಎಂತ ಪ್ರಯೋಜನ ಉಂಟು?" ಎನ್ನುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಇಂಥ ಭಾವನಿಗೆ ಪರೇಲಿನ ಆಸ್ಪತ್ರೆಯೊಂದರಲ್ಲಿ ಕರುಳಿನ ಆಪರೇಷನ್ ಆಯಿತು. ಕೆಟ್ಟ ತುಂಡನ್ನು ಕತ್ತರಿಸಿ, ಉಳಿದದ್ದನ್ನು ಜೋಡಿಸಿ ಹೊಲಿದರು. ಹೊಟ್ಟೆಯೊಳಗೆ ಸೇರುವ ಕೊಳೆನೀರು ಹೊರಬರಲೆಂದು ಒಂದು ಪೈಪು, ತುದಿಗೊಂದು ಚೀಲ, ಚೀಲದ ಅಡಿಗೊಂದು ಪುಟ್ಟ ನಲ್ಲಿ. ಡ್ರೇನ್ ಎಂದರೆ ಇಷ್ಟೇ. ಎಷ್ಟು ತುಂಬಿತೆಂದು ಸಿಸ್ಟರ್ ಅಳೆದು ಬರೆಯುತ್ತಾಳೆ. ಕಡಿಮೆಯಾಗುತ್ತ ಬಂದರೆ ಒಳಗೆ ಮಾಯುತ್ತಿದೆ ಎಂದು ಡಾಕ್ಟರಿಗೆ ಸಮಾಧಾನ.

ಭಾವನದಂತೂ ಸರಸರನೆ ಕಡಿಮೆಯಾಯಿತು! ಐದನೆಯ ದಿನ ಡಾಕ್ಟರು, "ನಾಳೆ ಪೈಪು ತೆಗೆದುಬಿಡೋಣ" ಎಂದರು. ಆ ಸಂಜೆಯೇ ಜ್ವರ ಏರಿತು.

ಮರುದಿನ ಬೆಳಿಗ್ಗೆ ನಾನು ಗೋರೆಗಾಂವ್‌ನಿಂದ ಲೋಕಲ್ ಹಿಡಿದು ಬಂದು ನೋಡುತ್ತೇನೆ, ಭಾವ ಬಾತ್‌ರೂಮಿನಲ್ಲಿ ನಿಂತು ಚೀಲದ ನಲ್ಲಿ ತಿರುಗಿಸಿ ಎಲ್ಲವನ್ನೂ ಕಮೋಡಿಗೆ ಬಿಡುತ್ತಿದ್ದಾರೆ!

"ಇದೆಂತ ಭಾವ!"

"ತುಂಬಿದ್ದು ಕಣ್ಣೆದುರು ನೇತಾಡ್ತಾ ಉಂಟು. ಆ ಸಿಸ್ಟರ್ ಬರುವವರೆಗೆ ಹಾಗೇ ಬಿಡ್ಲಿಕ್ಕೆ ಆಗ್ತದಾ ಮಾರಾಯ?"

"ಎಷ್ಟು ದಿನದಿಂದ?"

"ನಡೀಲಿಕ್ಕೆ ಬಿಟ್ಟ ದಿನದಿಂದ."

ಬಾಗಿಲ ಹೊರಗೆ ಟವೆಲ್ ಹಿಡಿದು ನಿಂತಿದ್ದ ಅಕ್ಕ ಗೋಡೆ ನೋಡಿದಳು. ಅವಳಿಗೂ ಗೊತ್ತಿತ್ತು. ಹೇಳಿ ಎಂತ ಪ್ರಯೋಜನ!

ಸಿಸ್ಟರಿನ ಅಳತೆ ಇಳಿದದ್ದು ಭಾವನ ಈ ಕೈಚಳಕದಿಂದ! ನಾನು ಓಡಿಹೋಗಿ ಅವಳಿಗೆ ಹೇಳಿದೆ. "ಅಂಕಲ್, ಹಾಥ್ ಮತ್ ಲಗಾನಾ!" ಎಂದು ಗದರಿ, ಅವರು ಮತ್ತೆ ಮುಟ್ಟದಂತೆ ಅವಳು ನಲ್ಲಿಗೆ ಪಟ್ಟಿ ಸುತ್ತಿದಳು. ಸ್ಕ್ಯಾನ್ ಮಾಡಿದರೆ ಹೊಲಿಗೆಯಲ್ಲಿ ಸೋರಿಕೆ. "ಪೈಪು ತೆಗೆದಿದ್ದರೆ ಆ ವಿಷವೆಲ್ಲ ಹೊಟ್ಟೆಯಲ್ಲೇ ನಿಲ್ಲುತ್ತಿತ್ತು. ಇವರು ಉಳಿಯುತ್ತಿರಲಿಲ್ಲ" ಎಂದರು ಡಾಕ್ಟರು.

ಅವರು ಅತ್ತ ಹೋದದ್ದೇ ತಡ, ಭಾವನ ಕೈ ಮತ್ತೆ ಚೀಲದತ್ತ ಹೊರಟಿತು.

"ಕೈ ತೆಗೀರಿ!" ವಾರ್ಡಿಗೆ ವಾರ್ಡೇ ತಿರುಗಿ ನೋಡಿತು. ಕಿರುಚಿದ್ದು ಅಕ್ಕ! "ತುಂಬ್ಲಿ ಅದು. ತುಂಬುವವರೆಗೆ ಸುಮ್ನೆ ಕೂತ್ಕೊಳ್ಳಿ!"

ಭಾವ ಎರಡೂ ಕೈಗಳನ್ನು ತೊಡೆಯಡಿ ಇಟ್ಟುಕೊಂಡು ಕೂತರು. ಸೋರಿಕೆ ನಿಲ್ಲುವವರೆಗೆ ಹನ್ನೆರಡು ದಿನ ಹಾಗೇ ಕೂತರು.

ಹೋದ ಭಾನುವಾರ ಅವರ ಮನೆಯಲ್ಲಿ ಊಟ. ಈಗ ಅಕ್ಕ ನಮ್ಮ ಜೊತೆಗೇ ಕೂರುತ್ತಾಳೆ. ಭಾವನದು ಮುಗಿಯಿತು, ನನ್ನದೂ ಮುಗಿಯಿತು. ಅವಳು ಇನ್ನೂ ಸಾರನ್ನ ಕಲಸುತ್ತಿದ್ದಳು. ಭಾವನ ಕೈ ಅವಳ ತಟ್ಟೆಯತ್ತ ಹೊರಟದ್ದನ್ನು ನಾನು ಕಣ್ಣಾರೆ ಕಂಡೆ. ಅರ್ಧ ದಾರಿಯಲ್ಲಿ ನಿಂತಿತು, ತಿರುಗಿತು, ತೊಡೆಯಡಿ ಸೇರಿತು. ಮೂವತ್ತು ವರ್ಷ ಬೇಕಾಯಿತೇ ಇಷ್ಟಕ್ಕೆ ಎಂದು ಸಿಟ್ಟೂ ಬಂತು, ಕಣ್ಣೂ ತುಂಬಿತು.

"ಇನ್ನು ಸ್ವಲ್ಪ ಅನ್ನ ಹಾಕ್ಲಾ?" ಭಾವ ಮೆಲ್ಲನೆ ಕೇಳಿದರು.

ಅಕ್ಕ ತಲೆಯೆತ್ತದೆ, "ಹಾಕಿ" ಎಂದಳು.