ಪಾರ್ಸಲ್ ಗಂಟಿನ ಲಂಗೋಟಿ

ಅಳಿಯ ಮಗುವಿಗೆ ನೆಟ್ಟಗೆ ಲಂಗೋಟಿ ಕಟ್ಟಿ ತೋರಿಸುವವರೆಗೂ ಊರಿಗೆ ಹೊರಡುವುದಿಲ್ಲ ಎಂದು ಅತ್ತೆ ಹಟ ಹಿಡಿದಿದ್ದರು. ಅವನು ಲಂಗೋಟಿಗೆ ಚುಚ್ಚಿದ ಪಿನ್ನು ಒಮ್ಮೆ ಬಾಯಿ ತೆರೆದುಕೊಂಡಿದ್ದನ್ನು ಕಂಡಾಗಿನಿಂದ ಅವನ ಮೇಲೆ ಅವರಿಗೆ ನಂಬಿಕೆ ಹೋಗಿತ್ತು. ಅಳಿಯನಿಗೆ ಅತ್ತೆಯ ಮೇಲೆ ಸಿಟ್ಟೇನಿಲ್ಲ. ಆದರೆ ಅವರು ಬಂದಾಗಿನಿಂದ ಮಂಚ ಅವರದು, ನಡುಮನೆಯ ಚಾಪೆ ಇವನದು. ಸೊಂಟ ಬಿದ್ದುಹೋಗಿತ್ತು.

ಅವನು ಪಾರ್ಸಲ್ ಆಫೀಸಿನಲ್ಲಿ ಕಟ್ಟು ಕಟ್ಟುವವನು. ಅವನು ಹಾಕಿದ ಗಂಟು ಲಾರಿಯ ಮೇಲಿಂದ ಉರುಳಿಬಿದ್ದರೂ ಸಡಿಲವಾದದ್ದಿಲ್ಲ. (ಒಳಗಿದ್ದ ಗಾಜಿನ ಸಾಮಾನಿನ ಮಾತು ಬೇರೆ.) ಇಂಥ ಕಲಾಪ್ರವೀಣನಿಗೆ ಒಂದು ಕೌಪೀನ ಯಾವ ಲೆಕ್ಕ? ಹೆಂಡತಿ ಕೆಲಸಕ್ಕೆ ಹೋದ ಮೇಲೆ ಅವನು ಪಿನ್ನನ್ನು ಆಚೆಗಿಟ್ಟ. ಬಟ್ಟೆಯನ್ನು ಮೂರು ಮೂಲೆಯಾಗಿ ಮಡಿಸಿ, ಮಗು ಗುಂಡನನ್ನು ಅದರ ಮೇಲೆ ಮಲಗಿಸಿ, ತುದಿಗಳನ್ನೆಲ್ಲ ಹೊಕ್ಕುಳ ಕೆಳಗೆ ತಂದು ಪಾರ್ಸಲ್ ಗಂಟು ಹಾಕಿದ. ಹೊಟ್ಟೆಗೆ ಒತ್ತದಂತೆ ಒಂದು ಬೆರಳಿನಷ್ಟು ಸಂದನ್ನೂ ಬಿಟ್ಟ.

ಅತ್ತೆ ಎಳೆದು ನೋಡಿದರು, ಜಗ್ಗಿ ನೋಡಿದರು. ಲಂಗೋಟಿ ಜಪ್ಪಯ್ಯ ಎನ್ನಲಿಲ್ಲ. ಅವರು ಒಪ್ಪಿಕೊಂಡು ಬಟ್ಟೆಬರೆ ತುಂಬಿಕೊಂಡರು. ಬ್ಯಾಗಿನ ಜಿಪ್ಪು ಕೆಟ್ಟಿತ್ತು. ಅಳಿಯನಿಗೆ ಎಲ್ಲಿಲ್ಲದ ಉತ್ಸಾಹ ಬಂದು, ಕೇಳುವ ಮೊದಲೇ ಅದಕ್ಕೂ ಹಗ್ಗ ಸುತ್ತಿ ಅದೇ ಗಂಟು ಬಿಗಿದ.

ಅತ್ತೆ ಚಪ್ಪಲಿ ಮೆಟ್ಟುವಷ್ಟರಲ್ಲಿ ಗುಂಡ ಲಂಗೋಟಿ ಒದ್ದೆ ಮಾಡಿಕೊಂಡು ರಾಗ ತೆಗೆದ. ಬದಲಾಯಿಸುವುದನ್ನೂ ನೋಡಿಯೇ ಹೋಗುತ್ತೇನೆಂದು ಅವರು ನಿಂತರು. ನೆನೆದ ಗಂಟು ಕಲ್ಲಾಗಿತ್ತು. ಅಳಿಯ ಉಗುರು ಹಾಕಿದ, ಮೂಗು ಮುಚ್ಚಿಕೊಂಡು ಹಲ್ಲನ್ನೂ ಹಾಕಿದ. ಕೆಳಗೆ ಜಾರಿಸೋಣವೆಂದರೆ ಗುಂಡನ ತೊಡೆಗಳು ಅಡ್ಡ ಬಂದವು.

"ದಿನಾ ಇದೇ ಕೆಲಸ ಅಲ್ವಾ ನಿಮ್ಮದು? ಬಿಚ್ಚೋಕೆ ಬರಲ್ವಾ?" ಎಂದರು ಅತ್ತೆ.

"ನಮ್ಮಲ್ಲಿ ಕಟ್ಟೋದಷ್ಟೇ ಅತ್ತೆ. ಬಿಚ್ಚೋದು ತಗೊಂಡೋರ ಪಾಡು."

ಅವನು ಅಡುಗೆಮನೆಯಿಂದ ಚಾಕು ತಂದ. ಮಗುವಿನ ಹತ್ತಿರ ಅದನ್ನು ತರಕೂಡದು, ಕತ್ತರಿಯೇ ಆಗಬೇಕು ಎಂದು ಅತ್ತೆ ತಡೆದರು. ಮನೆಯಲ್ಲಿದ್ದ ಒಂದೇ ಕತ್ತರಿ ಅವರದು.

"ಎಲ್ಲಿದೆ?"

"ನನ್ನ ಬ್ಯಾಗಲ್ಲಿ."

ಅಳಿಯ ಬ್ಯಾಗನ್ನು ನೋಡಿದ, ಬ್ಯಾಗಿನ ಮೇಲಿದ್ದ ತನ್ನ ಗಂಟನ್ನೂ ನೋಡಿದ. ಗುಂಡ ಕಿರುಚುತ್ತಲೇ ಇದ್ದ. ಆತುರದಲ್ಲಿ ಹಾಕಿದ ಚಾಕು ಹಗ್ಗದ ಜೊತೆಗೆ ಬ್ಯಾಗನ್ನೂ ಉದ್ದಕ್ಕೆ ಸೀಳಿತು.

ಕತ್ತರಿ ಸಿಕ್ಕಿತು, ಲಂಗೋಟಿ ಹರಿಯಿತು, ಗುಂಡ ಕೇಕೆ ಹಾಕಿ ನಕ್ಕ. ಅತ್ತೆ ಹರಿದ ಬ್ಯಾಗನ್ನು ಎತ್ತಿ ಹಿಡಿದು ಅಳಿಯನಿಗೆ ತೋರಿಸಿದರು. ಆಮೇಲೆ ಚಪ್ಪಲಿ ಕಳಚಿ ಒಳಗೆ ಹೋಗಿ ಬಟ್ಟೆಗಳನ್ನೆಲ್ಲ ಮತ್ತೆ ಬೀರುವಿನಲ್ಲಿ ಜೋಡಿಸತೊಡಗಿದರು. ಈ ಸಲ ಅಚ್ಚುಕಟ್ಟಾಗಿ ಬಿಡಿಬಿಡಿಯಾಗಿ ಇಟ್ಟಿದ್ದರಿಂದ ಜಾಗ ಸಾಲದೆ, ಅವನ ಅಂಗಿಗಳೂ ನಡುಮನೆಯ ಚಾಪೆಯ ಪಕ್ಕಕ್ಕೆ ಬಂದವು.