ಮಾವನ ಹೆಸರಿನ ಬಣ್ಣ

ಮಾವ ತೀರಿಕೊಂಡ ಮರುದಿನ ಬೆಳಗ್ಗೆ, ಕಂಪನಿಯ ವೆಬ್ ಪುಟದ ಸಿಬ್ಬಂದಿ ಪಟ್ಟಿಯಲ್ಲಿ ಅವರ ಹೆಸರೊಂದೇ ಗುಲಾಬಿ ಬಣ್ಣದಲ್ಲಿ ಮದುಮಗನ ಹಾಗೆ ಮಿಂಚುತ್ತಿತ್ತು.

“ನಾಲ್ಕಕ್ಕೆ ಅಂತ್ಯಸಂಸ್ಕಾರ. ಅಷ್ಟರೊಳಗೆ ಅದು ಕಪ್ಪಾಗ್ಬೇಕು, ಸುತ್ತ ಕಪ್ಪು ಅಂಚೂ ಬರ್ಬೇಕು,” ಅಂದರು ಕಂಪನಿಯ ಯಜಮಾನರು.

ಎಲ್ಲರೂ ಮಾವ ಎಂದೇ ಕರೆಯುತ್ತಿದ್ದರೂ ಅವರು ಆಫೀಸಿನಲ್ಲಿ ಯಾರಿಗೂ ಮಾವನಲ್ಲ. ಇಪ್ಪತ್ತು ವರ್ಷ ಆ ಪುಟಗಳನ್ನು ಕಟ್ಟಿದ ಹಿರಿಯರು. ಪಕ್ಕದ ಕುರ್ಚಿಯ ಕನ್ನಡಕದವನಿಗೆ ಕೆಲಸ ಕಲಿಸಿದವರೂ ಅವರೇ. ಈಗ ಕೆಲಸ ಅವನ ತಲೆಗೆ ಬಿತ್ತು.

ಕಣ್ಣು ಮಂಜಾಗಿತ್ತು. ‘ಸಿಬ್ಬಂದಿ’ ಎಂಬ ಕ್ಲಾಸಿಗೆ ಕಪ್ಪು ಬಣ್ಣ, ಕಪ್ಪು ಅಂಚು ಎಂದು ಬರೆದ. ಕ್ಲಾಸ್ ಅಂದರೆ ಇಡೀ ಗುಂಪಿನ ಹೆಸರು ಎಂಬುದು ಮರೆತೇಹೋಗಿತ್ತು. ಬದುಕಿದ್ದ ಮೂವತ್ತು ಜನರೂ ಕಪ್ಪಾದರು. ಸತ್ತವರು ಮಾತ್ರ ಗುಲಾಬಿಯಾಗಿಯೇ ಉಳಿದರು.

ಪುಟದಲ್ಲಿ ಗಂಡನ ಹೆಸರು ನೋಡಿದ ಯಜಮಾನರ ಹೆಂಡತಿ ಫೋನ್ ಮಾಡಿ ಗೋಳೋ ಎಂದು ಅತ್ತರು. “ಈಗಷ್ಟೇ ತಿಂಡಿ ತಿಂದು ಹೋದ್ರಲ್ಲಪ್ಪಾ!”

ಸ್ವಾಗತದ ಮೇಜಿನಾಕೆ ಬಂದು ಇಣುಕಿದಳು. “ಒಂದ್ಸಲ ಹೇಳಿದ್ರೆ ಕಂಪ್ಯೂಟರ್ ಕೇಳ್ದಿದ್ರೆ ಹತ್ತು ಸಲ ಹೇಳಿ.”

“ಹತ್ತಲ್ಲ, ಇನ್ನೂರು ಕ್ಲಾಸ್ ಪೋಣಿಸಿದ್ರೂ ಒಂದು ಐಡಿಗೆ ಸಮ ಅಲ್ಲಮ್ಮ. ಐಡಿ ಅಂದ್ರೆ ಒಬ್ಬರದೇ ಗುರುತು.”

ಬರೆದದ್ದನ್ನು ಅಳಿಸಿ ಮಾವನ ಐಡಿಗೇ ಕಪ್ಪು ಎಂದು ಬರೆದ. ಅಂಚು ಬಂತು. ಹೆಸರಿನ ಗುಲಾಬಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಎರಡು ಗಂಟೆಗೆ ಗುಟ್ಟು ಸಿಕ್ಕಿತು. ಗುಲಾಬಿಯನ್ನು ಮಾವ, ಬಣ್ಣಗಳನ್ನೆಲ್ಲ ಬರೆದಿಡುವ ಶೈಲಿಯ ಕಡತದಲ್ಲಿ ಬರೆದಿರಲೇ ಇಲ್ಲ. ಪುಟದೊಳಗೆ, ತಮ್ಮ ಹೆಸರಿನ ಮೈಗೇ ಅಂಟಿಸಿದ್ದರು. ಅದರ ಮುಂದೆ ಐಡಿಯೂ ಸೋಲುತ್ತದೆ. ಅಳಿಸೋಣವೆಂದರೆ ಆ ಪುಟ ತೆರೆಯುವ ಪಾಸ್‌ವರ್ಡ್ ಮಾವನೊಬ್ಬರಿಗೇ ಗೊತ್ತಿತ್ತು.

ಉಳಿದದ್ದು ಕೊನೆಯ ಅಸ್ತ್ರ. ತನ್ನ ಸಾಲಿನ ಕೊನೆಗೆ ‘ಇಂಪಾರ್ಟೆಂಟ್’ ಎಂದು ಸೇರಿಸಿದ. ಎಲ್ಲರ ಬಾಯಿ ಮುಚ್ಚಿಸುವ ಮಾತು ಅದು. ಅದನ್ನು ಬಳಸಿದಾಗಲೆಲ್ಲ ಮಾವ ಬೈಯುತ್ತಿದ್ದರು. ಈ ಸಲ ಬೈಯುವವರಿರಲಿಲ್ಲ. ಹೆಸರು ಕಪ್ಪಾಯಿತು. ಅವನಿಗೆ ಅಳು ಬಂತು.

ಮೂರೂವರೆಗೆ ಮಾವನ ಹೆಂಡತಿಯ ಫೋನು.

“ಯಾಕಪ್ಪಾ ಆ ಬಣ್ಣ ತೆಗೆದೆ?”

“ದುಃಖಕ್ಕೆ ಕಪ್ಪೇ ಅಲ್ವಾ ಅತ್ತೆ...”

“ಆಸ್ಪತ್ರೆ ಹಾಸಿಗೆ ಮೇಲೆ ಕೂತು ಬರೆದ್ರು ಕಣೋ ಅದನ್ನ. ನಾನು ಮೊದಲ್ನೇ ಸಲ ಅವರನ್ನ ನೋಡಿದಾಗ ಉಟ್ಟಿದ್ದ ಸೀರೆ ಬಣ್ಣ. ‘ನಾನು ಹೋದ್ಮೇಲೆ ನಮ್ಮ ಕನ್ನಡಕದವನು ಕಪ್ಪು ಬಳಿಯೋಕೆ ಬರ್ತಾನೆ, ಅವನ ಕೈಲಾಗದ ಹಾಗೆ ಬರೆದಿದೀನಿ’ ಅಂತ ನಗ್ತಿದ್ರು.” ಅತ್ತೆ ಮೂಗೊರೆಸಿಕೊಂಡರು. “ನೀನು ಇಷ್ಟು ಕಲ್ತಿರ್ತೀಯ ಅಂತ ಅವರಿಗೆ ಗೊತ್ತಿರ್ಲಿಲ್ಲ.”

ಅವನು ಆ ಸಾಲನ್ನು ಅಳಿಸಿದ. ಅಂಚನ್ನೂ ತೆಗೆದ.

ಕೋಟು ತೊಟ್ಟು ಹೊರಟ ಯಜಮಾನರು ಪರದೆ ನೋಡಿ ನಿಂತರು. “ಇನ್ನೂ ಗುಲಾಬಿ! ಬೆಳಗ್ಗೆಯಿಂದ ಏನಯ್ಯಾ ಮಾಡ್ದೆ?”

“ಏನೂ ಇಲ್ಲ ಸಾರ್.”

“ಮಾವ ನಿನಗೆ ಏನೂ ಕಲಿಸ್ಲಿಲ್ಲ ಬಿಡು,” ಎಂದು ಯಜಮಾನರು ಮೆಟ್ಟಿಲಿಳಿದರು.