ಚುರುಕಾಗಿ ಓಡಾಡ್ತಿದ್ದ ಹುಳು

ಒಂದು ಸುಳ್ಳೂ ಹೇಳ್ದೆ, ನಿಜಾನೇ ಹೇಳಿ ಒಬ್ಬರ ಬಾಳಿಗೆ ಮಣ್ಣು ಹಾಕಿದ್ದೀರಾ ಯಾವತ್ತಾದ್ರೂ? ನಾನು ಹಾಕಿದೀನಿ. ಅದೂ ಒಂದೇ ಮಾತಲ್ಲಿ.

ತೊಂಬತ್ತರ ದಶಕ. ತುಮಕೂರು ಪೇಟೆ ಹುಡುಗಿ ನಾನು, ಕುಣಿಗಲ್ ಪಕ್ಕದ ಹಳ್ಳಿಗೆ ಸೊಸೆಯಾಗಿ ಹೋದೆ. ರೇಷ್ಮೆ ಅಂದ್ರೆ ಸೀರೆ ಅಂದ್ಕೊಂಡಿದ್ದೆ, ಅಲ್ಲಿ ನೋಡಿದ್ರೆ ಹುಳು! ನಡುಮನೆ ಪೂರಾ ಹುಳುಗಳಿಗೆ, ನಮಗೆ ಜಗಲಿ. ಪೊರೆ ಬಿಡೋ ಮುಂಚೆ ಹುಳು ಸೊಪ್ಪು ತಿನ್ನೋದು ನಿಲ್ಸಿ ಸುಮ್ನೆ ಕೂರುತ್ತಲ್ಲ, ಅದಕ್ಕೆ ಜ್ವರ ಅಂತಾರೆ. ಆಗ ಮನೇಲಿ ಯಾರೂ ಜೋರಾಗಿ ಕೆಮ್ಮಂಗಿಲ್ಲ. ನಂಗೇ ಜ್ವರ ಬಂದಾಗ ನಮ್ಮತ್ತೆ, "ಎದ್ದು ಸೊಪ್ಪು ಕೊಯ್ಕಂಬಾ, ಬೆವರಿದ್ರೆ ಬುಡ್ತದೆ" ಅಂದಿದ್ರು.

ಆ ಊರಲ್ಲಿ ನನ್ನ ಜೊತೆ ಮನಸ್ಸು ಬಿಚ್ಚಿ ನಗ್ತಿದ್ದೋಳು ಪಕ್ಕದ ಮನೆ ರತ್ನಕ್ಕ ಒಬ್ಳೇ. ಗಂಡ ಇಲ್ಲ, ಮಕ್ಕಳಿಲ್ಲ, ಊರೋರ ಮನೆಗೆ ಸೊಪ್ಪು ಕೊಯ್ದೇ ಹೊಟ್ಟೆ ಹೊರೀತಿದ್ಳು. ನಂಗೆ ರಾಗಿಮುದ್ದೆ ತೊಳಸೋದು ಕಲಿಸಿದ್ದೇ ಅವಳು.

ಒಂದ್ಸಲ ಅತ್ತೆ ಕಡಬಕ್ಕೆ ಮದುವೆಗೆ ಹೋದ್ರು. ಎರಡು ದಿನ ಹುಳು ಮನೆ ನನ್ನ ಕೈಲಿ. ಎಲ್ಲಾ ಹುಳು ಜ್ವರಕ್ಕೆ ಕೂತಿದ್ರೆ ಒಂದಷ್ಟು ಮಾತ್ರ ಹುಳು ಸಾಕೋ ಬಿದಿರು ತಟ್ಟೆ ಅಂಚಲ್ಲಿ ಓಡಾಡ್ತಿದ್ವು. ಮೈ ಉಬ್ಬಿ ಫಳಫಳ ಅಂತಿತ್ತು. ಆಹಾ, ಇವು ಕ್ಲಾಸಿಗೇ ಫಸ್ಟು ಅಂದ್ಕೊಂಡೆ. ಕೆಳಗೆ ಬಿದ್ದವನ್ನ ಮುದ್ದಾಗಿ ಎತ್ತಿ ತಟ್ಟೆಗೆ ಬಿಟ್ಟೆ, ಎಳೇ ಸೊಪ್ಪು ಹಾಕ್ದೆ.

ಕಾಫಿಪುಡಿ ಕೇಳೋಕೆ ಬಂದ ರತ್ನಕ್ಕ ಬಾಗಿಲಲ್ಲೇ ನಿಂತು, "ಅವು ಹಾಲುತೊಂಡೆ ರೋಗದ ಹುಳ ಕಣೇ! ಎತ್ತಿ ಆಚೆಗಾಕು, ಸುಣ್ಣ ಹುಯ್ಯಿ" ಅಂದ್ಳು.

"ಹೋಗಕ್ಕ, ಓಡಾಡೋದಕ್ಕೆ ಕಾಯಿಲೆ, ಮಲಗಿರೋದಕ್ಕೆ ಆರೋಗ್ಯಾನಾ?" ಅಂತ ನಕ್ಕೆ. ಪಿಯುಸಿ ಓದಿದ್ನಲ್ಲ!

ಅವಳು ಒಳಗೆ ಬಂದು ಒಂದು ತಟ್ಟೆಯಿಂದ ತಾನೇ ನಾಲ್ಕು ಹುಳು ಆರಿಸಿ ತೆಗೆದು ಹೋದ್ಳು.

ವಾರದಲ್ಲಿ ಹುಳುಗಳ ಮೈ ಒಡೆದು ಹಾಲಿನಂಥ ನೀರು. ತಟ್ಟೆ ತಟ್ಟೆನೇ ಗುಂಡಿಗೆ ಸುರಿದ್ವಿ. ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತ್ರು. "ನಾನಿಲ್ದಾಗ ಯಾರ್ಲೇ ಬಂದಿದ್ದೋರು ಒಳಕ್ಕೆ?"

"ರತ್ನಕ್ಕ" ಅಂದೆ. ಅಷ್ಟೇ.

ಹೊರಗಿನೋರ ಕಣ್ಣು ಬಿದ್ರೆ ಹುಳು ಉಳಿಯಲ್ಲ ಅನ್ನೋ ಊರದು. ಅತ್ತೆ ಬೀದೀಲಿ ನಿಂತು ಕೂಗಾಡಿದ್ರು. ಅಕ್ಕಪಕ್ಕದ ಮನೆಯೋರೂ ಅವಳನ್ನ ಸೊಪ್ಪು ಕೊಯ್ಯೋಕೆ ಕರೆಯೋದು ಬಿಟ್ರು. ರತ್ನಕ್ಕ ಒಂದ್ಸಲ ನನ್ನ ಮುಖ ನೋಡಿ ಬಾಗಿಲು ಹಾಕ್ಕೊಂಡ್ಳು.

ಹತ್ತು ವರ್ಷ ಆದ್ಮೇಲೆ ತುಮಕೂರಿಗೆ ತವರಿಗೆ ಹೋಗಿದ್ದಾಗ ಆ ಹುಳುಗಳ ಮಾತು ಬಂತು. ಬಿಎಸ್ಸಿ ಓದ್ತಿದ್ದ ನಮ್ಮಕ್ಕನ ಮಗಳು ಶ್ವೇತಾ ಹೇಳಿದ್ಳು. "ಚಿಕ್ಕಮ್ಮ, ಅದು ವೈರಸ್ಸು. ಮೈಯೊಳಗಿನ ಒಂದು ಜೀವಕೋಶಕ್ಕೆ ವೈರಸ್ ಹೊಕ್ರೆ ಆ ಕೋಶಕ್ಕೆ ಒಳಗೇ ಸುದ್ದಿ ಮುಟ್ಟುತ್ತೆ. ಅಕ್ಕಪಕ್ಕದೋವು ಉಳೀಲಿ ಅಂತ ಅದು ತಾನೇ ಸತ್ತೋಗುತ್ತೆ. ಈ ವೈರಸ್ಸು ಆ ಸುದ್ದಿನ ಅರ್ಧ ದಾರೀಲೇ ಅಡ್ಡಗಟ್ಟುತ್ತೆ, ಸಾಯೋಕೂ ಬಿಡಲ್ಲ. ಪೊರೆ ಬಿಡೋಕೂ ಬಿಡದೆ ಹುಳೂನ ಓಡಾಡಿಸುತ್ತೆ, ರೋಗ ಹರಡಲಿ ಅಂತ."

ಹುಳೂನ ಬಾಯಿ ಕಟ್ಟಿದ್ದು ವೈರಸ್ಸು. ನನ್ನ ಬಾಯಿ ಯಾರು ಕಟ್ಟಿದ್ರು?

ಮಾರನೇ ದಿನವೇ ಕುಣಿಗಲ್ ಬಸ್ ಹತ್ತಿದೆ. ಅಷ್ಟೊತ್ತಿಗೆ ನಾವು ಹುಳು ಸಾಕೋದು ಬಿಟ್ಟಾಗಿತ್ತು, ತಟ್ಟೇಲಿ ಈರುಳ್ಳಿ ಹರವಿತ್ತು. ರತ್ನಕ್ಕನ್ನ ಕರೆದೆ. ಬಂದ್ಳು. ಹೊಸ್ತಿಲ ಆಚೆನೇ ನಿಂತ್ಳು.

"ಒಳಗೆ ಬಾರಕ್ಕ, ಈಗೇನು ಹುಳು ಇಲ್ಲ."

"ಬ್ಯಾಡ ಬುಡವ್ವ. ಕಾಲು ಮರ್ತೋಗದೆ. ನೀರು ಇಲ್ಲೇ ಕೊಡು."

ಹೇಳ್ಬೇಕು ಅಂತ ಬಾಯಿ ತೆಗೆದೆ. ಜಗಲಿ ಮೇಲೆ ಅತ್ತೆ ಅವರೆಕಾಯಿ ಸುಲೀತಾ ಕೂತಿದ್ರು. ನೀರು ಕೊಟ್ಟೆ. ಲೋಟ ತೊಳೆದು ಹೊಸ್ತಿಲ ಮೇಲಿಟ್ಟು ಹೋದ್ಳು.

ಈಗ ಅತ್ತೆನೂ ಇಲ್ಲ. ರತ್ನಕ್ಕ ಇದಾಳೆ. ಆದ್ರೂ ಅವಳ ಮುಂದೆ ನಿಂತು ಹೇಳೋದು ಬಿಟ್ಟು, ಗುರುತಿಲ್ಲದ ನಿಮ್ಮೆಲ್ಲರ ಮುಂದೆ ಬರ್ಕೊಂಡು ಕೂತಿದೀನಿ. ಅವಳಿಗೆ ಓದೋಕೆ ಬರಲ್ಲ, ಫೇಸ್‌ಬುಕ್ಕೂ ಇಲ್ಲ. ಅದಕ್ಕೇ ಇಷ್ಟು ಧೈರ್ಯ ನಂಗೆ. ನೀವೂ ಹಿಂಗೆ ಯಾರ ಹೆಸರಾದ್ರೂ ಹೇಳಿ ತಪ್ಪಿಸ್ಕೊಂಡಿದ್ರೆ ಕೆಳಗೆ ಬರೀರಿ. ಅವರ ಮುಂದೆ ಹೋಗಿ ಒಪ್ಕೊಂಡೋರು ಇದ್ರೆ ಮೊದಲು ಬರೀರಿ. ಮೊದಲ ಮಾತು ಏನಂದ್ರಿ ಅಂತ ನಂಗೆ ಬೇಕಾಗಿದೆ.